ಹೂಂ ನಿಂತರೆ ಬಾಗಿಲು ತೆಗೆಯುವ ಮುನಿಯಮ್ಮ

ಶುಕ್ರವಾರ, ಬೆಳಗಿನ ಐದೂಮುಕ್ಕಾಲು. ಬಸವನಗುಡಿಯ ಹಳೆಯ ಮನೆಯೊಂದರ ಬಚ್ಚಲಿನಲ್ಲಿ ಕೆಂಪು ಬೆಳಕು ಹೊತ್ತಿಕೊಂಡಿದೆ. ಒಲೆಯ ಬೆಳಕಲ್ಲ, ಬೀರುವಿನಷ್ಟು ಎತ್ತರದ, ಗಾಜಿನ ಬಾಗಿಲಿನ ಮರದ ಪೆಟ್ಟಿಗೆಯದು. ಇನ್‌ಫ್ರಾರೆಡ್ ಸೌನಾ ಎನ್ನುತ್ತಾರೆ ಅದಕ್ಕೆ. ಒಳಗಿನ ಹಲಗೆಯ ಮೇಲೆ ಮನೆಯ ಯಜಮಾನಿತಿ, ಅರವತ್ತೊಂದರ ಯಶೋಧರಾ, ಟವೆಲು ಹೊದ್ದು ಕೂತಿದ್ದಾರೆ. ಹೊರಗೆ, ಗಾಜಿಗೆ ಕಿವಿ ತಾಗುವಷ್ಟು ಹತ್ತಿರ, ಮಣೆಯ ಮೇಲೆ ಮುನಿಯಮ್ಮ.

"ಅವಾಗ ಮೋಡ ಏನಂತು? ಏ ಕುಂಬಾರ್ ಮಗಳೇ, ನಂಗೊಂದು ಗಡಿಗೆ ಮಾಡ್ಕೊಡು ಅಂತು."

"ಹೂಂ."

"ನೀನು ಮೋಡ, ನಿಂಗ್ಯಾತಕ್ಕೆ ಗಡಿಗೆ ಅಂದ್ಲು ಇವ್ಳು."

"ಹೂಂ."

"ಹೋದಲ್ಲೆಲ್ಲ ಸೋರ್ತೀನಿ ಕಣವ್ವ, ಹಿಡ್ಕೊಳ್ಳೋಕೆ ಏನಾರ ಬೇಕಲ್ಲ ಅಂತು."

ಒಳಗಿನಿಂದ ಸದ್ದಿಲ್ಲ. ಮುನಿಯಮ್ಮನ ಕೈ ಆಗಲೇ ಬಾಗಿಲ ಹಿಡಿಯ ಮೇಲಿದೆ. "ಅಮ್ಮಾರೇ?"

"ಹೂಂ, ಹೂಂ, ಇದೀನಿ! ಮೋಡಕ್ಕೆ ಎಷ್ಟು ದೊಡ್ಡ ಗಡಿಗೆ ಬೇಕಾಗುತ್ತೆ ಅಂತ ಯೋಚ್ನೆ ಮಾಡ್ತಿದ್ದೆ ಕಣೇ."

"ಯೋಚ್ನೆ ಆಮೇಲೆ ಮಾಡೀರಂತೆ. ಮೊದ್ಲು ಹೂಂ ಅನ್ನಿ."

ಮುನಿಯಮ್ಮನಿಗೆ ಈಗ ಅರವತ್ತನಾಲ್ಕು. ಮಾಗಡಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಚಾಮರಾಜಪೇಟೆಯ ವಠಾರಕ್ಕೆ ಬಂದವರು. ಗಂಡ ಅಕ್ಕಿಪೇಟೆಯಲ್ಲಿ ಮೂಟೆ ಹೊರುತ್ತಿದ್ದರು. ಎರಡನೆಯ ಮಗಳು ಅಂಬೆಗಾಲಿಡುವ ಹೊತ್ತಿಗೆ ಅವರು ತೀರಿಕೊಂಡರು. ಅಂದಿನಿಂದ ಮುನಿಯಮ್ಮ ಹಿಡಿದದ್ದು ತಾಯಿಯಿಂದ ಕಲಿತ ಕೆಲಸ: ಬಾಣಂತಿಯರಿಗೆ ನೀರು ಹಾಕುವುದು, ಎಳೆಗೂಸುಗಳನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುವುದು. ಪೇಟೆಯ ಮನೆಗಳಲ್ಲಿ ಅವರ ಹೆಸರೇ 'ನೀರು ಹಾಕೋ ಮುನಿಯಮ್ಮ' ಎಂದಾಯಿತು. ಆ ನೀರಿನಲ್ಲೇ ಇಬ್ಬರು ಹೆಣ್ಣುಮಕ್ಕಳು ಓದಿ, ದಡ ಸೇರಿದರು.

ಹೀಗೆ ಎಷ್ಟು ಕೂಸುಗಳಿಗೆ ಎರೆದಿರಬಹುದು? ಕೇಳಿದರೆ ಮುನಿಯಮ್ಮ ಕಣ್ಣು ಅಗಲಿಸುತ್ತಾರೆ. "ಮಕ್ಕಳನ್ನ ಎಣಿಸ್ತಾರಾ? ದೃಷ್ಟಿಯಾಯ್ತದೆ. ಎಣಿಸೋನು ಮ್ಯಾಲವ್ನೆ, ಎರಿಯೋದಷ್ಟೇ ನಂದು."

ಕತೆ ಹೇಳುವುದು ಮಾತ್ರ ತಾಯಿಯಿಂದ ಬಂದದ್ದಲ್ಲ, ಅಜ್ಜ ದೊಡ್ಡಬೈರಪ್ಪನಿಂದ. ಅಜ್ಜ ಜಗಲಿಯಲ್ಲಿ ಕೂತು ಕತೆ ಶುರು ಮಾಡಿದರೆ ಕೇಳುವವರಲ್ಲಿ ಒಬ್ಬರಾದರೂ ಹೂಂಗುಟ್ಟಬೇಕಿತ್ತು. ಹೂಂ ನಿಂತಿತೋ, ಕತೆಯೂ ನಿಂತಿತು. ಮುನಿಯಮ್ಮ ಅದನ್ನು ಬಚ್ಚಲಿಗೆ ತಂದರು. ಹಸಿ ಮೈಯ ಬಾಣಂತಿ ಹಬೆಯಲ್ಲಿ ಕೂತಾಗ ಒಮ್ಮೊಮ್ಮೆ ಕಣ್ಣು ಕತ್ತಲಿಟ್ಟುಕೊಂಡು ಬರುತ್ತದೆ. ಹಾಗಾಗುತ್ತಿದೆ ಎಂದು ಹೇಳಲೂ ಅವಳಿಗೆ ತ್ರಾಣವಿರುವುದಿಲ್ಲ. "ಮೊಕ ನೋಡಿದ್ರೆ ಹಬೇಲಿ ಕಾಣಾಕಿಲ್ಲ. ಹೂಂ ಅನ್ನೋದು ಸಣ್ಣಗಾದ್ರೆ ಗೊತ್ತಾಯ್ತದೆ, ಚೊಂಬು ಕೆಳಗಿಡ್ತೀನಿ," ಎನ್ನುತ್ತಾರೆ ಮುನಿಯಮ್ಮ.

ಯಶೋಧರಾ ಆ ಹೂಂ ಕಲಿತದ್ದು ಮೂವತ್ತೆಂಟು ವರ್ಷಗಳ ಹಿಂದೆ, ಮಗ ಶಶಿಕಿರಣ್ ಹುಟ್ಟಿದಾಗ. ಬಾಣಂತನ ಮುಗಿದರೂ ಮುನಿಯಮ್ಮ ಈ ಮನೆ ಬಿಡಲಿಲ್ಲ. ಪ್ರತಿ ಶುಕ್ರವಾರ ಬಂದು, ತಾಮ್ರದ ಹಂಡೆಗೆ ಉರಿ ಹಾಕಿ, ಯಶೋಧರಾಗೆ ಹರಳೆಣ್ಣೆ ತಿಕ್ಕಿ ನೀರು ಎರೆಯುತ್ತ ಬಂದರು. ಬೇರೆ ಮನೆಗಳು ಒಂದೊಂದಾಗಿ ಕಡಿಮೆಯಾದವು. ದಿನಕ್ಕೆ ನಾಲ್ಕು ಮನೆ ಇದ್ದದ್ದು ತಿಂಗಳಿಗೆ ಒಂದಾಯಿತು. ಕೊನೆಗೆ ಈ ಮನೆಯ ಶುಕ್ರವಾರ ಮಾತ್ರ ಉಳಿಯಿತು.

ಕಳೆದ ದೀಪಾವಳಿಯ ಹೊತ್ತಿಗೆ ಅದಕ್ಕೂ ಕುತ್ತು ಬಂತು. ಬಳೇಪೇಟೆಯಲ್ಲಿ ಬಳೆಯ ಸಗಟು ಅಂಗಡಿ ಇಟ್ಟಿರುವ ಶಶಿಕಿರಣ್, ತಾಯಿಯ ಮಂಡಿನೋವಿಗೆಂದು ಈ ಪೆಟ್ಟಿಗೆ ತರಿಸಿದರು. ಹಂಡೆ ಇದ್ದ ಮೂಲೆಯಲ್ಲೇ ಅದನ್ನು ಕೂರಿಸಿದರು. ಡಾಕ್ಟರು ಬಿಪಿ ನೋಡಿ, ಇಪ್ಪತ್ತೇ ನಿಮಿಷ ಎಂದರು.

ಮೊದಲ ಶುಕ್ರವಾರ ಮುನಿಯಮ್ಮ ತಮಗೆ ತಿಳಿದದ್ದನ್ನು ಮಾಡಿದರು. ಯಶೋಧರಾಗೆ ನೆತ್ತಿಯಿಂದ ಅಂಗಾಲಿನವರೆಗೆ ಎಣ್ಣೆ ತಿಕ್ಕಿ, ಪೆಟ್ಟಿಗೆಯೊಳಗೆ ಕೂರಿಸಿ, ಬಾಗಿಲು ಹಾಕಿದರು. ಕಾಯಿಸುವುದೆಂದರೆ ಎಣ್ಣೆಯ ಮೈಯನ್ನಲ್ಲವೆ? ಹರಳೆಣ್ಣೆ ಹಲಗೆಯ ಸಂದಿಯಿಂದ ಒಳಗಿನ ಹೀಟರಿಗೆ ತೊಟ್ಟಿಕ್ಕಿತು. ಮನೆಯೆಲ್ಲ ಹೊಗೆಯ ವಾಸನೆ. ರಿಪೇರಿಗೆ ಬಂದ ಅನಿಲ್ ಕುಮಾರ್ ಮೂಗು ಮುಚ್ಚಿಕೊಂಡೇ ಕೇಳಿದರು: "ಏನಜ್ಜಿ, ಇದ್ರಲ್ಲಿ ಬೋಂಡ ಕರಿದ್ರಾ?" ಹಲಗೆಯನ್ನು ಎಷ್ಟು ಉಜ್ಜಿದರೂ ಎಣ್ಣೆಯ ಎರಡು ಕಪ್ಪು ಕಲೆ ಹೋಗಲಿಲ್ಲ. ಇಂದಿಗೂ ಇವೆ.

ಶಶಿಕಿರಣ್ ಬೈಯಲಿಲ್ಲ. ಬೈದಿದ್ದರೆ ಮುನಿಯಮ್ಮನಿಗೆ ಹಗುರವಾಗುತ್ತಿತ್ತೇನೋ. ಬಹಳ ಮರ್ಯಾದೆಯಿಂದ, "ಮುನಿಯಮ್ಮೋರೆ, ಇನ್ಮೇಲೆ ಮಿಷಿನ್ ಇದ್ಯಲ್ಲ, ನೀವ್ಯಾಕೆ ಸುಮ್ನೆ ಅಷ್ಟು ಹೊತ್ತಿಗೆ ಎದ್ದು ಬರೋದು? ಆರಾಮಾಗಿ ಮನೇಲಿರಿ," ಎಂದರು.

"ಮೂವತ್ತೆಂಟು ವರ್ಷ ಶುಕ್ರವಾರ ಅಂದ್ರೆ ಈ ಮನೆ. ಮನೇಲಿರು ಅಂದ್ರೆ ಆ ದಿನಾನ ಎಲ್ಲಿಡ್ಲಿ ನಾನು?" ಎಂದು ಮುನಿಯಮ್ಮ ಈಗ ನಗುತ್ತ ಹೇಳುತ್ತಾರೆ. ಅಂದು ನಕ್ಕಿರಲಿಲ್ಲ. "ಇನ್ನೊಂದು ವಾರ ಬತ್ತೀನಪ್ಪ. ಹಂಡೆ ಅಟ್ಟಕ್ಕೆ ಹಾಕೋಕೆ ಮುಂಚೆ ಬೆಳಗಿ ಕೊಟ್ಟೋಯ್ತೀನಿ," ಎಂದಷ್ಟೇ ಹೇಳಿ ಹೊರಟಿದ್ದರು.

ಮುಂದಿನ ಶುಕ್ರವಾರ ಯಶೋಧರಾ ಪೆಟ್ಟಿಗೆಯೊಳಗೆ ಕೂತರು. ಮುನಿಯಮ್ಮ ಬಚ್ಚಲ ಹೊರಗಿನ ಕಲ್ಲಿನ ಮೇಲೆ ಹಂಡೆಗೆ ಹುಣಸೆಹಣ್ಣು ಹಚ್ಚುತ್ತಿದ್ದರು. ಕೈ ಕೆಲಸಕ್ಕೆ ಬಿತ್ತು. ಬಾಯಿ ತಾನಾಗಿ ಕತೆಗೆ ತೆರೆಯಿತು. ಒಳಗಿನಿಂದಲೂ ತಾನಾಗಿ ಹೂಂ ಬಂತು. ಹಂಡೆಯ ಕಂಠದ ಕಪ್ಪು ಬಿಡುವಷ್ಟರಲ್ಲಿ ಆ ಹೂಂ ಸಣ್ಣಗಾಯಿತು. ಆಮೇಲೆ ನಿಂತೇಹೋಯಿತು.

"ಟೈಮರಲ್ಲಿ ಇನ್ನೂ ಒಂಬತ್ತು ನಿಮಿಷ ತೋರಿಸ್ತಿತ್ತು," ಎಂದು ನೆನೆಯುತ್ತಾರೆ ಶಶಿಕಿರಣ್. "ನಾನು ಹಾಲಲ್ಲಿ ಪೇಪರ್ ಓದ್ತಿದ್ದೆ. ದಡ್ ಅಂತ ಬಾಗಿಲು ತೆಗ್ದ ಸದ್ದಾಯ್ತು. ಓಡಿಹೋಗಿ ನೋಡಿದ್ರೆ, ಹುಣಸೆಹಣ್ಣಿನ ಕೈಯಲ್ಲೇ ಅಮ್ಮನ್ನ ತಬ್ಕೊಂಡು ಹೊರಗೆ ಕೂರಿಸ್ತಿದ್ರು."

ಯಶೋಧರಾ ಕಣ್ಣು ಬಿಟ್ಟಿದ್ದರು, ಮಾತಿರಲಿಲ್ಲ. ಮುನಿಯಮ್ಮ ಅವರನ್ನು ತಂಪು ನೆಲದ ಮೇಲೆ ಮಲಗಿಸಿ, ಕಾಲೆತ್ತಿ ಮಣೆಯ ಮೇಲಿಟ್ಟು, ಒದ್ದೆ ಬಟ್ಟೆಯಿಂದ ಮುಖ ಒರೆಸಿದರು. ಚೇತರಿಸಿಕೊಂಡ ಮೇಲೆ ಕಾರಣ ತಿಳಿಯಿತು. ಈ ಮನೆಯಲ್ಲಿ ಸ್ನಾನ ಮಾಡಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜಿಸುವ ತನಕ ಯಶೋಧರಾ ತೊಟ್ಟು ನೀರೂ ಮುಟ್ಟುವುದಿಲ್ಲ. ಹಿಂದಿನ ರಾತ್ರಿಯಿಂದ ಒಣಗಿದ ಗಂಟಲಿನಲ್ಲೇ ಆ ಶಾಖಕ್ಕೆ ಕೂತಿದ್ದರು. ಪೆಟ್ಟಿಗೆಯ ಜೊತೆ ಬಂದ ಪುಸ್ತಕದಲ್ಲಿ ನೀರು ಕುಡಿಯಿರಿ ಎಂದು ಬರೆದಿತ್ತು. ಪೂಜೆಗೆ ಮುಂಚೆಯೇ ಎಂದು ಬರೆದಿರಲಿಲ್ಲ.

"ಪೂಜೆ ಆಗ್ದೆ ಹೆಂಗೇ ಕುಡೀಲಿ?" ಎಂದು ಮಲಗಿದಲ್ಲೇ ಕೇಳಿದರಂತೆ ಯಶೋಧರಾ.

"ಶಿವ ಕ್ವಾಪ ಮಾಡ್ಕೊಂಡಾನಾ ಅಮ್ಮಾರೆ? ಅವ್ನು ತಲೆ ಮ್ಯಾಲೆ ಗಂಗೆನೇ ಇಟ್ಕೊಂಡು ಕುಂತವ್ನೆ. ನೀವು ಒಂದು ಲೋಟ ಕುಡಿದ್ರೆ ಅವ್ನಿಗೇನು ಕಮ್ಮಿಯಾಯ್ತದೆ?"

ಯಶೋಧರಾ ಮಲಗಿದಲ್ಲೇ ನಕ್ಕರು. ಕುಡಿದರು. ಮಗನನ್ನು ನೋಡಿ, "ಹಂಡೆ ಬೇಕಾದ್ರೆ ಅಟ್ಟಕ್ಕೆ ಹಾಕೋ. ಇವಳನ್ನ ಹಾಕಕ್ಕಾಗಲ್ಲ," ಎಂದರು.

ಈಗ ಈ ಮನೆಯಲ್ಲಿ ಮುನಿಯಮ್ಮ ಬಾರದೆ ಸ್ವಿಚ್ ಒತ್ತುವಂತಿಲ್ಲ. ಅವರು ಬಂದೊಡನೆ ಯಶೋಧರಾಗೆ ಒಂದು ಲೋಟ ನೀರು, ಚಿಟಿಕೆ ಉಪ್ಪು. ಪೆಟ್ಟಿಗೆ ಕಾಯಲು ಹದಿನೈದು ನಿಮಿಷ, ಕೂರುವುದು ಇಪ್ಪತ್ತು, ಶಾಖ ಐವತ್ತು ಡಿಗ್ರಿ ದಾಟುವುದಿಲ್ಲ. ಎದ್ದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತು, ಉಗುರುಬೆಚ್ಚಗಿನ ನೀರಿನ ಸ್ನಾನ. ಎಣ್ಣೆ ಬೇಕೆನಿಸಿದರೆ ಮಂಗಳವಾರ, ಬೇರೆಯಾಗಿ. ಸುದ್ದಿ ಬಾಯಿಂದ ಬಾಯಿಗೆ ಹರಡಿದೆ. ಮಲ್ಲೇಶ್ವರದ ಶಿವರಂಜಿನಿಯವರ ಮನೆಗೂ ಇಂಥದೇ ಪೆಟ್ಟಿಗೆ ಬಂದಿದೆ; ಬುಧವಾರ ಅಲ್ಲಿ. ಶೇಷಾದ್ರಿಪುರಂನಲ್ಲಿ ಈಚೆಗೆ ಒಂದು ಹಸಿ ಬಾಣಂತಿಯ ಮನೆ, ಹಳೆಯ ಥರದ ನೀರಿನದೇ. ಬಿಸಿನೀರು, ಸೀಗೆಪುಡಿಗೆ ಬಿರಿದ ಅಂಗೈಯನ್ನು ಮುನಿಯಮ್ಮ ತಿರುಗಿಸಿ ನೋಡಿಕೊಳ್ಳುತ್ತಾರೆ. "ಪೆಟ್ಟಿಗೆ ಬಂದ್ಮೇಲೆ ಕೈಗೂ ಒಸಿ ಬಿಡುವು ಸಿಕ್ಕೈತೆ."

ಆ ಪೆಟ್ಟಿಗೆಯಲ್ಲಿ ನೀವೂ ಒಮ್ಮೆ ಕೂರಬಹುದಲ್ಲ ಎಂದು ಯಾರೋ ಕೇಳಿದಾಗ ಮುನಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದರು. "ಶಾಖ ನನಗ್ಯಾಕೆ, ಜನ್ಮೆಲ್ಲ ಒಲೆ ಮುಂದೆ ಕುಂತೋಳು. ಆದ್ರೆ ಒಂದಾಸೆ ಐತೆ. ಅಜ್ಜ ಹೋದ್ಮೇಲೆ ನಂಗೆ ಯಾರೂ ಕತೆ ಹೇಳಿಲ್ಲ."

ಅದು ಯಶೋಧರಾ ಅವರ ಕಿವಿಗೆ ಬಿದ್ದಿದೆ. ಹಾಗಾಗಿ ಇಂದು ಅವರ ಸ್ನಾನ, ಪೂಜೆ ಮುಗಿದ ಮೇಲೆ ಪೆಟ್ಟಿಗೆ ಮತ್ತೆ ಹೊತ್ತಿಕೊಂಡಿದೆ, ಶಾಖ ತಗ್ಗಿಸಿ, ಹತ್ತೇ ನಿಮಿಷಕ್ಕೆ. ಮುನಿಯಮ್ಮ ಒಂದು ಲೋಟ ನೀರು ಕುಡಿದು, ತಾವೇ ಮಾಡಿದ ಆ ಎರಡು ಕಪ್ಪು ಕಲೆಗಳ ಮೇಲೆ ಸಂಕೋಚದಿಂದ ಕೂತಿದ್ದಾರೆ. ಹಣೆಯ ವಿಭೂತಿ ಇನ್ನೂ ಹಸಿಯಾಗಿರುವ ಯಶೋಧರಾ, ನೋಯುವ ಮಂಡಿಯನ್ನು ಚಾಚಿ ಹೊರಗಿನ ಮಣೆಯ ಮೇಲೆ.

"ಒಂದೂರಲ್ಲಿ ಒಬ್ಬ ಕುಂಬಾರನ ಮಗಳಿದ್ಲು."

"ಹೂಂ."

"ಅವಳ ಹತ್ರ ಒಂದು ಮೋಡ ಬಂತು."

"ಹೂಂ."

"ಗಡಿಗೆ ಬೇಕು ಅಂತು. ಇವಳು ಮಾಡಿದ್ಲು. ಆಮೇಲೆ... ಆಮೇಲೆ ಏನಾಯ್ತೇ ಮುನಿಯಮ್ಮ?"

ಗಾಜಿನ ಆಚೆ, ಕೆಂಪು ಬೆಳಕಿನಲ್ಲಿ, ಮುನಿಯಮ್ಮ ಕಣ್ಣು ಮುಚ್ಚಿಕೊಂಡೇ ಇದ್ದಾರೆ.

"ನನ್ನ ಕೇಳ್ಬ್ಯಾಡಿ ಅಮ್ಮಾರೆ. ಇವತ್ತು ಹೂಂ ಅನ್ನೋದಷ್ಟೇ ನನ್ ಕೆಲ್ಸ."