ಎಲ್‌ಎಲ್‌ನ ತೂಕ

ನಿಮ್ಮ ಮನೆಯ ಗೇಟನ್ನು ರಸ್ತೆಯಲ್ಲಿ ನಿಂತು ಒಂದು ಸಲ ನೋಡಿದರೆ ಸಾಕು, ಅದು ಎಷ್ಟು ಕೆಜಿ ಎಂದು ಹೇಳಿಬಿಡುತ್ತೇನೆ. ಎರಡು ಕೆಜಿ ಆಚೀಚೆ ಆಗಬಹುದು, ಮೂರಾಗುವುದಿಲ್ಲ. ಇದು ಜಂಬದ ಮಾತು ಅನ್ನಿಸಿದರೆ ಅನ್ನಿಸಲಿ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಜಂಬಪಡಲು ಇರುವುದೇ ಒಂದೋ ಎರಡೋ. ಅಶೋಕಪುರಂನ ನನ್ನ ವೆಲ್ಡಿಂಗ್ ಶಾಪಿನಲ್ಲಿ ಗೇಟಿಗೂ ಗ್ರಿಲ್ಲಿಗೂ ಒಂದೇ ಪದ್ಧತಿ. ತಕ್ಕಡಿಗೆ ಹಾಕು, ಕೆಜಿಗೆ ಇಷ್ಟು, ಮುಗಿಯಿತು. ಗಿರಾಕಿಗೂ ನೆಮ್ಮದಿ, ನನಗೂ ನೆಮ್ಮದಿ. ಆದರೆ ಗಾಳಿಗೆ ಹಾರಿಹೋಗುವಂಥ ಒಂದು ಹಾಳೆ ನನಗೆ ಎಷ್ಟಕ್ಕೆ ಬಿತ್ತು ಎಂದು ಕೇಳಿದರೆ ಮಾತ್ರ ಇವತ್ತಿಗೂ ತಬ್ಬಿಬ್ಬಾಗುತ್ತೇನೆ. ಅದೇ ಎಲ್‌ಎಲ್. ಗಾಡಿ ಕಲಿಯುವವರಿಗೆ ಸರ್ಕಾರ ಕೊಡುವ ಅಪ್ಪಣೆ ಚೀಟಿ.

ಇನ್ನೊಂದು ಸಂಗತಿಯನ್ನೂ ಈಗಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಗಾಡಿ ಓಡಿಸಲು ಶುರುಮಾಡಿ ಇಪ್ಪತ್ತಾರು ವರ್ಷವಾಯಿತು, ಲೈಸೆನ್ಸ್ ಮಾತ್ರ ಮಾಡಿಸಿರಲಿಲ್ಲ. ಇದರಿಂದ ಒಂದು ಲಾಭವೂ ಆಗಿದೆ. ಪೊಲೀಸರು ನಿಲ್ಲುವ ಸರ್ಕಲ್ಲುಗಳನ್ನು ತಪ್ಪಿಸಿ ತಪ್ಪಿಸಿ, ಚಾಮರಾಜಪುರಂನ ಒಂದೊಂದು ಓಣಿಯಲ್ಲೂ ಯಾರ ಮನೆಯ ನಾಯಿ ಕಟ್ಟಿರುತ್ತದೆ, ಯಾರದ್ದು ಬಿಟ್ಟಿರುತ್ತದೆ ಎಂಬಷ್ಟು ಜ್ಞಾನ ನನಗೆ ಬಂದಿದೆ.

ನನ್ನ ಹೆಂಡತಿ ಮಂಗಳ ಶ್ರೀರಾಂಪುರದ ಬಟ್ಟೆ ಅಂಗಡಿಯೊಂದಕ್ಕೆ ಬ್ಲೌಸ್ ಹೊಲಿದುಕೊಡುತ್ತಾಳೆ. ಕರೆದುಕೊಂಡು ಹೋಗಬೇಕಾದವನು ನಾನು. ಹೊರಡುವ ಹೊತ್ತಿಗೆ ಸರಿಯಾಗಿ ಯಾರದೋ ಗೇಟಿನ ಹಿಂಜು ಮುರಿದಿರುತ್ತದೆ. ಒಂದು ದಿನ ಅವಳು ಬಟ್ಟೆಯ ಗಂಟನ್ನು ನನ್ನ ಕೆಲಸದ ಮೇಜಿನ ಮೇಲೆ ಇಟ್ಟು, "ನಾನೇ ಗಾಡಿ ಕಲ್ತ್ಕೊತೀನಿ. ಎಲ್‌ಎಲ್ ಮಾಡಿಸ್ಕೊಡಿ. ಅಂಗೇ ನಿಮ್ದೂ ಮಾಡಿಸ್ಕೊಂಬುಡಿ, ಪೊಲೀಸ್ ಕಂಡ್ರೆ ಓಣಿಗೆ ನುಗ್ಗೋದಾದ್ರೂ ತಪ್ಪುತ್ತೆ" ಎಂದಳು. ಗಂಟಿನಲ್ಲಿದ್ದ ಬ್ಲೌಸು ಹೊಲಿದದ್ದಕ್ಕಿಂತ ಹರಿತವಾದ ಸೂಜಿ ಅವಳ ಮಾತಿನಲ್ಲಿತ್ತು.

ಎಷ್ಟಾಗುತ್ತದೆ ಎಂದು ವಿಚಾರಿಸಲು ಹೊರಟೆ. ಟೀ ಅಂಗಡಿಯ ಶಿವಣ್ಣ, "ಸರ್ಕಾರಿ ಫೀಜು ಒಂದಿನ್ನೂರ್ ಚಿಲ್ರೆ, ಅಷ್ಟೇ ಕಣ್ ಮಾದೇವಣ್ಣ" ಎಂದ. ಅಲ್ಲೇ ಟೀ ಕುಡಿಯುತ್ತಿದ್ದವರೊಬ್ಬರು ತಮಗೆ ಎರಡು ಸಾವಿರ ಆಯಿತೆಂದರು. ಡ್ರೈವಿಂಗ್ ಸ್ಕೂಲಿನವನು ಕುರ್ಚಿ ಎಳೆದು ಹಾಕಿ, "ಪ್ಯಾಕೇಜ್ ಸಾರ್, ಇಬ್ರಿಗೂ ಸೇರಿ ನಿಮಗೋಸ್ಕರ ಕಮ್ಮಿ ಮಾಡ್ಕೊಡ್ತೀನಿ" ಎಂದ. ನನಗೋಸ್ಕರ ಎಂದಾಗಲೇ ನಾನು ಎದ್ದುಬಿಟ್ಟೆ. ಅವನು ನನ್ನನ್ನು ಅದುವರೆಗೆ ನೋಡಿಯೇ ಇರಲಿಲ್ಲ. ಒಂದೇ ಊರು, ಒಂದೇ ಹಾಳೆ, ಮೂರು ರೇಟು. ನನ್ನ ಶಾಪಿನಲ್ಲಿ ಹೀಗೆ ಮಾಡಿದ್ದರೆ ಜನ ತಕ್ಕಡಿಯನ್ನೇ ಹೊತ್ತುಕೊಂಡು ಹೋಗುತ್ತಿದ್ದರು. ವಾಪಸು ಬಂದು ಶಿವಣ್ಣನ ಅಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ, "ನಾನೇ ಹೋಗಿ ಮಾಡಿಸ್ತೀನಿ. ಮಧ್ಯದವರಿಗೆ ಒಂದ್ರೂಪಾಯಿ ಕೊಡಲ್ಲ" ಎಂದು ಸಾರಿದೆ. ಬಾಯಿ ಎನ್ನುವುದು ನನ್ನ ಮೈಯಲ್ಲಿ ಎಲ್ಲಕ್ಕಿಂತ ಮೊದಲು ಕೆಲಸಕ್ಕೆ ಬರುವ ಅಂಗ.

ನನಗೆ ವೆಲ್ಡಿಂಗ್ ಕಲಿಸಿದ ಸೋದರಮಾವ ಹೇಳುತ್ತಿದ್ದರು, ಅವರ ಕಾಲದಲ್ಲಿ ಸೈಕಲ್ಲಿಗೂ ಮುನಿಸಿಪಾಲಿಟಿಯ ಬಿಲ್ಲೆ ಬೇಕಿತ್ತಂತೆ. ಬಿಲ್ಲೆ ಇಲ್ಲದವನನ್ನು, ದೀಪ ಇಲ್ಲದವನನ್ನು ಹಿಡಿದರೆ ಚಕ್ರದ ಗಾಳಿ ಬಿಟ್ಟು ಕಳಿಸುತ್ತಿದ್ದರಂತೆ. ಎಂಥ ಅಚ್ಚುಕಟ್ಟಾದ ಶಿಕ್ಷೆ! ತಪ್ಪೆಷ್ಟು, ದಂಡವೆಷ್ಟು ಎಂಬ ಗೊಂದಲವೇ ಇಲ್ಲ. ತಳ್ಳಿಕೊಂಡು ಮನೆ ಮುಟ್ಟುವಷ್ಟರಲ್ಲಿ ಲೆಕ್ಕ ಚುಕ್ತಾ.

ನನ್ನ ಲೆಕ್ಕ ಮಾತ್ರ ಮೊದಲ ದಿನವೇ ಹಳಿ ತಪ್ಪಿತು. ಇಂಟರ್‌ನೆಟ್ ಸೆಂಟರಿನಲ್ಲಿ ಅರ್ಜಿ ಹಾಕಿಸಿದ್ದಕ್ಕೆ ಕೊಟ್ಟದ್ದು ಖರ್ಚು, ಸರಿ. ನಲವತ್ತು ದಾಟಿದವರಿಗೆ ಡಾಕ್ಟರ ಸರ್ಟಿಫಿಕೇಟು ಬೇಕೆಂದರು, ಅದೂ ಸರಿ. ಆದರೆ ಆ ಡಾಕ್ಟರು ನನ್ನ ಕಣ್ಣಿಗೆ ಟಾರ್ಚ್ ಹಿಡಿದು, "ವೆಲ್ಡಿಂಗ್ ಮಾಡ್ತೀರೇನ್ರೀ? ಮೊದ್ಲು ಕನ್ನಡಕ ಹಾಕಿಸ್ಕೊಂಡ್ ಬನ್ನಿ" ಎಂದುಬಿಟ್ಟರು. ಹಾಕಿಸಿಕೊಂಡೆ. ಈಗ ಹೇಳಿ, ಕನ್ನಡಕದ ದುಡ್ಡನ್ನು ಎಲ್‌ಎಲ್ ಖಾತೆಗೆ ಬರೆಯಬೇಕೋ, ಕಣ್ಣಿನ ಖಾತೆಗೋ? ಪರೀಕ್ಷೆಯ ದಿನ ಶಾಪು ಮುಚ್ಚಿದ್ದೆ, ಅದು ನಷ್ಟ. ಆದರೆ ಆರ್‌ಟಿಒ ಆಫೀಸಿನ ಬೆಂಚಿನಲ್ಲಿ ಪಕ್ಕ ಕುಳಿತವರು ಮಾತಿಗೆ ಮಾತು ಸೇರಿ ಮೆಟ್ಟಿಲಿನ ರೇಲಿಂಗಿಗೆ ಆರ್ಡರ್ ಕೊಟ್ಟರು. ಹಾಗಾದರೆ ಆ ಲಾಭವನ್ನು ಖರ್ಚಿನಲ್ಲಿ ಕಳೆಯಬೇಕೋ ಬೇಡವೋ? ಮಂಗಳಳನ್ನು ಕೇಳಿದರೆ, "ಸುಮ್ನೆ ಪುಸ್ತಕ ಓದ್ಕೊಳ್ಳಿ" ಎಂದಳು. ಅವಳು ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ರಸ್ತೆ ನಿಯಮಗಳ ಪುಟ್ಟ ಪುಸ್ತಕ ಇಟ್ಟುಕೊಂಡು ಹದಿನೈದು ದಿನ ಓದಿದ್ದಳು. ನಾನು ಅದನ್ನು ಮುಟ್ಟಿರಲಿಲ್ಲ. ಇಪ್ಪತ್ತಾರು ವರ್ಷ ರಸ್ತೆಯಲ್ಲೇ ಓದಿದವನಿಗೆ ಪುಸ್ತಕವೇಕೆ?

ಕಂಪ್ಯೂಟರಿನ ಮುಂದೆ ಕೂರಿಸಿದರು. ಪ್ರಶ್ನೆಗಳು ಒಳ್ಳೆಯ ಕನ್ನಡದಲ್ಲೇ ಇದ್ದವು. ಜೀಬ್ರಾ ಪಟ್ಟೆಯ ಬಳಿ ಜನ ರಸ್ತೆ ದಾಟಲು ಕಾಯುತ್ತಿದ್ದಾರೆ, ನೀವೇನು ಮಾಡುವಿರಿ? ಹಾರ್ನ್ ಹೊಡೆದು ಮುಂದೆ ಹೋಗುವೆನೋ, ನಿಲ್ಲಿಸಿ ಅವರು ದಾಟುವವರೆಗೆ ಕಾಯುವೆನೋ? ನಾನು ಒಂದು ಕ್ಷಣ ಯೋಚಿಸಿದೆ. ಕಾದದ್ದು ನೆನಪಾಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಒತ್ತಿದೆ. ಹಳದಿ ದೀಪ ಬಂದರೆ? ಬೇಗ ದಾಟಿಕೊಳ್ಳುತ್ತೇನೆ, ಒತ್ತಿದೆ. ಕಿರಿದಾದ ಸೇತುವೆಯಲ್ಲಿ ಎದುರಿನಿಂದ ಗಾಡಿ ಬಂದರೆ? ನನ್ನದೇ ಮೊದಲು ಹೋಗಲಿ ಎಂದು ನೋಡುತ್ತೇನೆ, ಒತ್ತಿದೆ. ಒಂದೇ ಒಂದು ಸುಳ್ಳು ಹೇಳದೆ ಪರೀಕ್ಷೆ ಮುಗಿಸಿದೆ. ಫೇಲ್ ಎಂದು ಬಂತು.

ಜೀವಮಾನದಲ್ಲಿ ಗಾಡಿಯ ಹ್ಯಾಂಡಲ್ಲೇ ಹಿಡಿಯದ ಮಂಗಳ ಒಂದೂ ತಪ್ಪಿಲ್ಲದೆ ಪಾಸಾದಳು. ಮರುದಿನ ಟೀ ಅಂಗಡಿಯಲ್ಲಿ ಶಿವಣ್ಣ ಲೋಟ ಕೊಡುತ್ತಾ, "ಅಕ್ಕ ಪಾಸಂತೆ. ಅಣ್ಣಂದು ಎಂಗೆ?" ಎಂದ. ಅವನ ಟೀ ಅವತ್ತು ತೀರ ಸಿಹಿಯಾಗಿತ್ತು. ಡ್ರೈವಿಂಗ್ ಸ್ಕೂಲಿನವನೂ ಎಲ್ಲಿಂದಲೋ ಸುದ್ದಿ ಹಿಡಿದು ಶಾಪಿಗೇ ಬಂದು, "ಈಗ್ಲೂ ಕಾಲ ಮಿಂಚಿಲ್ಲ ಸಾರ್, ಪ್ಯಾಕೇಜ್ ಇದ್ದೇ ಇದೆ" ಎಂದ. ಕೊಟ್ಟುಬಿಡೋಣ ಅನ್ನಿಸಿದ್ದು ನಿಜ. ಕೊಟ್ಟರೆ ಬೀದಿಯ ಮುಂದೆ ಆಡಿದ ಮಾತು ಹೋಯಿತು. ಕೊಡದಿದ್ದರೆ ಇನ್ನೊಮ್ಮೆ ಫೇಲಾಗಿ ಮುಖ ಹೋಗಬಹುದು. ಮಾತಿನ ರೇಟು, ಮುಖದ ರೇಟು ಯಾವುದು ಹೆಚ್ಚೆಂದು ತೂಗಲು ನನ್ನ ತಕ್ಕಡಿ ಒಗ್ಗಲಿಲ್ಲ.

ಮಂಗಳಳ ಎದುರು ಮಾತ್ರ ರೇಗಿದೆ. "ನಿಜ ಹೇಳಿದ್ದಕ್ಕೆ ಫೇಲ್ ಮಾಡಿದ್ರು" ಎಂದೆ.

ಅವಳು ದಾರವನ್ನು ಹಲ್ಲಿನಲ್ಲಿ ಕತ್ತರಿಸಿ, "ಗೇಟ್ ಮಾಡಿಸೋಕೆ ಬಂದೋರು ನಿಮ್ಮನ್ನ ಏನ್ ಕೇಳ್ತಾರೆ? ಇಲ್ಲೀಗಂಟ ಎಷ್ಟ್ ಗೇಟ್ ಸೊಟ್ಟಗೆ ಮಾಡಿದ್ದೀರಾ ಅಂತಲಾ? ನಮ್ಮ ಗೇಟ್ ಎಂಗೆ ಮಾಡ್ಕೊಡ್ತೀರಾ ಅಂತ ಕಣ್ರೀ" ಎಂದಳು.

ನಾನು ಒಂದೂ ಗೇಟನ್ನು ಸೊಟ್ಟಗೆ ಮಾಡಿಲ್ಲ ಎಂದು ವಾದಿಸಬಹುದಿತ್ತು. ವಾದಿಸದೆ ಅವಳ ಪುಸ್ತಕ ಎಳೆದುಕೊಂಡೆ. ಏಳನೇ ಕ್ಲಾಸಿನ ನಂತರ ಮೊದಲ ಬಾರಿಗೆ ಬೆರಳಿಟ್ಟು ಓದಿದೆ; ಹೊಸ ಕನ್ನಡಕ ಅಲ್ಲಿ ಕೆಲಸಕ್ಕೆ ಬಂತು. ಅವಳು ಬ್ಲೌಸಿನ ಗುಂಡಿ ಹೊಲಿಯುತ್ತಲೇ ಪ್ರಶ್ನೆ ಕೇಳಿದಳು, ತಪ್ಪಿದಾಗ ತಲೆ ಎತ್ತದೆಯೇ "ಊಹೂಂ" ಎಂದಳು. ಎರಡನೇ ಸಲ ಮತ್ತೆ ಫೀಜು ಕಟ್ಟಿ, ಮತ್ತೆ ಶಾಪು ಮುಚ್ಚಿ ಹೋದೆ. ಜೀಬ್ರಾ ಪಟ್ಟೆಯ ಪ್ರಶ್ನೆ ಮತ್ತೆ ಬಂತು. ನಿಲ್ಲಿಸಿ ಕಾಯುತ್ತೇನೆ ಎಂದು ಒತ್ತಿದೆ. ಪಾಸಾದೆ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನದೊಂದು ರೋಗವಿದೆ. ಶುಕ್ರವಾರ ಕೊಡುತ್ತೇನೆಂದು ಚೀಟಿಯಲ್ಲಿ ಬರೆದುಕೊಟ್ಟ ಗೇಟನ್ನು ಶುಕ್ರವಾರವೇ ಕೊಡಬೇಕು, ಇಲ್ಲದಿದ್ದರೆ ಊಟ ಸೇರುವುದಿಲ್ಲ. ಈಗ ನಿಲ್ಲಿಸಿ ಕಾಯುತ್ತೇನೆ ಎಂದು ಸರ್ಕಾರಕ್ಕೇ ಹೇಳಿ ಬಂದಿದ್ದೇನೆ. ಹಾಗಾಗಿ ಗಾಡಿಗೆ ಕೆಂಪು ಅಕ್ಷರದ ಎಲ್ ಅಂಟಿಸಿಕೊಂಡು ಓಣಿ ಬಿಟ್ಟು ದೊಡ್ಡ ರಸ್ತೆಗೆ ಬಂದ ಮೊದಲ ದಿನವೇ ಜೀಬ್ರಾ ಪಟ್ಟೆಯ ಮುಂದೆ ಬ್ರೇಕ್ ಹಾಕಿದೆ. ಅಂಚಿನಲ್ಲಿ ತರಕಾರಿ ಚೀಲ ಹಿಡಿದ ವೃದ್ಧರೊಬ್ಬರು ನಿಂತಿದ್ದರು. ಅವರು ದಾಟಲಿಲ್ಲ, ನೀನು ಹೋಗು ಎಂದು ಕೈ ಮಾಡಿದರು. ನೀವು ಹೋಗಿ ಎಂದು ನಾನೂ ಕೈ ಮಾಡಿದೆ. ಹಿಂದಿನಿಂದ ಹಾರ್ನುಗಳು ಶುರುವಾದವು. ಅವರು ಗಾಬರಿಯಾಗಿ ನನ್ನ ಹತ್ತಿರವೇ ಬಂದರು.

"ಗಾಡಿ ಕೆಟ್ಟೋಯ್ತೇನಪ್ಪ?"

"ಇಲ್ಲ ಯಜಮಾನ್ರೇ, ನೀವು ದಾಟ್ಲಿ ಅಂತ ನಿಂತೆ."

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಕೆಂಪು ಅಕ್ಷರ ನೋಡಿದರು. ಮುಖದಲ್ಲಿದ್ದ ಅನುಮಾನವೆಲ್ಲ ಕರಗಿ ಕನಿಕರ ಬಂತು. "ಓ, ಈಗ ಕಲೀತಾ ಇದೀಯಾ! ಎದ್ರುಕೋಬ್ಯಾಡ ಕಣಪ್ಪ. ನಾಕ್ ದಿನ ಹಿಂಗೆ ನಿಲ್ಸ್‌ಬೇಕು ಅನ್ಸುತ್ತೆ. ಕೈ ಕುದುರಿದ್ಮೇಲೆ ತಾನಾಗೇ ಬುಟ್ಟೋಗುತ್ತೆ."

ಇಪ್ಪತ್ತಾರು ವರ್ಷದ ಅನುಭವವೆಲ್ಲ ಒಟ್ಟಾಗಿ ಗಂಟಲಿಗೆ ಬಂತು. ಅದನ್ನು ಅಲ್ಲೇ ನುಂಗಿ, "ಹೂಂ ಯಜಮಾನ್ರೇ, ಈಗ್ಲೇ ಕಲೀತಾ ಇದೀನಿ" ಎಂದೆ.

ಅವರು ನನ್ನ ಕಡೆ ಅಂಗೈ ತೋರಿಸಿಕೊಂಡೇ, ಎಲ್ಲಿ ಹಾಯ್ದುಬಿಡುವೆನೋ ಎಂಬಂತೆ, ನಿಧಾನವಾಗಿ ರಸ್ತೆ ದಾಟಿದರು.