ಕರಡಿಯ ಕಿವಿ

ನಮ್ಮಕ್ಕ ಬೆಂಗಳೂರಿನಲ್ಲಿ ಕರಡಿಗೆ ಬಣ್ಣ ಬಳಿಯುತ್ತಾಳೆ ಎಂದರೆ ನಮ್ಮೂರು ಗುಬ್ಬಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಅವಳು ಟೀವಿಗೆ ಕಾರ್ಟೂನ್ ತಯಾರಿಸುವ ಕಂಪನಿಯೊಂದರಲ್ಲಿದ್ದಳು. ಗಾಜಿನಂಥ ಪ್ಲಾಸ್ಟಿಕ್ ಹಾಳೆಯ ಮುಂಬದಿಗೆ ಬೇರೆ ಯಾರೋ ಗೆರೆ ಎಳೆಯುತ್ತಿದ್ದರು. ಹಾಳೆ ತಿರುಗಿಸಿ ಹಿಂಬದಿಯಿಂದ ಬಣ್ಣ ತುಂಬುವುದು ಅಕ್ಕನ ಕೆಲಸ. ಕಂಪನಿಯವರು ಬೇಡವೆಂದ ಹಾಳೆಗಳನ್ನು ಅವಳು ಊರಿಗೆ ತರುತ್ತಿದ್ದಳು.

ಅಮ್ಮನಿಗೆ ಅದು ಒಳ್ಳೇ ಗಟ್ಟಿ ಪ್ಲಾಸ್ಟಿಕ್, ಅಷ್ಟೆ. ಸ್ಕೂಲು ಶುರುವಾಗುವ ಹೊತ್ತಿಗೆ ಹಾಳೆಗಳನ್ನು ನೆನೆಹಾಕಿ, ತೆಂಗಿನ ನಾರಿನಲ್ಲಿ ಹಿಂಬದಿ ಉಜ್ಜಿ ಬಣ್ಣ ತೆಗೆದು, ನನ್ನ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದಳು. ಯಾರದೋ ಗೆರೆ ನನ್ನ ಗಣಿತದ ಪುಸ್ತಕದ ಮೇಲೆ ಉಳಿಯುತ್ತಿತ್ತು, ಅಕ್ಕನ ಪಾಲು ಬಚ್ಚಲಿಗೆ ಹೋಗುತ್ತಿತ್ತು. ಮಳೆಗೆ ಪುಸ್ತಕ ನೆನೆಯಲ್ಲವಲ್ಲ, ನಾನೂ ಖುಷಿಯಾಗಿದ್ದೆ.

ತುಮಕೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಒಂದು ಬ್ರೌಸಿಂಗ್ ಸೆಂಟರಿನಲ್ಲಿ, ಇಂಥ ಹಾಳೆಗಳನ್ನು ಹುಡುಕಿ ಕೂಡಿಡುವವರಿದ್ದಾರೆಂದು ಓದಿದೆ. ನನಗೂ ಹುಚ್ಚು ಹತ್ತಿತು. ಅವರಿವರನ್ನು ಕಾಡಿ ಒಂದಷ್ಟು ಸಂಪಾದಿಸಿದೆ. ಮುಂದಿನಿಂದ ನೋಡಿದರೆ ಬಣ್ಣ ನುಣ್ಣಗೆ ಇರುತ್ತದೆ. ತಿರುಗಿಸಿದರೆ ಕುಂಚ ಓಡಿದ್ದೆಲ್ಲ ಕಾಣುತ್ತದೆ. ನಾನು ನೋಡುತ್ತಿದ್ದುದು ಹಾಳೆಯ ಬೆನ್ನನ್ನೇ. ಇದು ಯಾರ ಕೈ? ಇಲ್ಲೇಕೆ ಇಷ್ಟು ದಪ್ಪ ಬಳಿದರು? ಊಟಕ್ಕೆ ಹೊತ್ತಾಗಿತ್ತೇ? ಊರವರದೆಲ್ಲ ನನ್ನ ಹತ್ತಿರ ಇದೆ, ಅಕ್ಕನದು ಒಂದೂ ಇಲ್ಲವಲ್ಲ ಎಂದು ಗುಬ್ಬಿಗೆ ಹೊರಟೆ.

ಅಟ್ಟ, ಟ್ರಂಕು ಎಲ್ಲ ಜಾಲಾಡುತ್ತಿದ್ದ ನನ್ನನ್ನು ನೋಡಿ ಅಮ್ಮ, "ದೇವ್ರ ಫೋಟೋ ಹಿಂದೆ ಒಂದೈತೆ ನೋಡು. ಗೋಡೆ ಥಂಡಿ ಫೋಟೋಗ್ ಹಿಡೀದಿರ್ಲಿ ಅಂತ ಇಟ್ಟಿದ್ದೆ. ಯಾರ್ ನೋಡ್ತಾರೆ ಅಂತ ತೊಳೀಲಿಲ್ಲ ಕಣೋ" ಅಂದಳು. ಫೋಟೋ ಇಳಿಸಿ ಹಿಂದಿನ ಮೊಳೆ ಕಿತ್ತೆ. ಕೊಡೆ ಹಿಡಿದ ಕರಡಿ, ಬಣ್ಣ ಸಮೇತ! ಕುಣಿದುಬಿಟ್ಟೆ.

ಅಕ್ಕ ಆಗ ಮದುವೆಯಾಗಿ ಹೆಬ್ಬೂರಿನಲ್ಲಿದ್ದಳು. ಬಸ್ಸು ಹತ್ತಿ ಹೋಗಿ ಅವಳ ಕೈಗೆ ಕೊಟ್ಟೆ. ತಿರುಗಿಸಿ ನೋಡಿದವಳ ಮುಖ ಸಪ್ಪಗಾಯಿತು.

"ಏನ್ಲಾ, ಇದೇ ಸಿಗ್ಬೇಕಾಗಿತ್ತಾ? ಕಿವಿ ನೋಡು, ತುದೀಲಿ ಬಣ್ಣ ಹಾಕೋದೇ ಬಿಟ್ಟೋಗಿದೆ. ಅದ್ಕೇ ಬೇಡ ಅಂದ್ರು. ಮನೇಗ್ ತಂದಿದ್ದೆಲ್ಲ ಹಿಂಗೇ. ಚೆನ್ನಾಗ್ ಮಾಡಿದ್ದು ಒಂದೂ ನಮ್ಮನೇಗ್ ಬರ್ಲಿಲ್ಲ ಕಣೋ."

ಅವಳು ಒಳಗೆ ಹೋಗಿ ಮಗಳ ಪೋಸ್ಟರ್ ಕಲರ್ ಡಬ್ಬಿ ತಂದಳು. ಮುಚ್ಚಳದಲ್ಲಿ ಕಂದು ಬಣ್ಣ ಕಲಸತೊಡಗಿದಳು.

"ಅಕ್ಕಾ, ಮುಟ್ಬೇಡ! ಒರಿಜಿನಲ್ ಅದು!"

"ಒರಿಜಿನಲ್ ಮಾಡಿದ್ದು ಯಾರ್ಲಾ?"

ಒಂದೇ ಎಳೆತಕ್ಕೆ ಕಿವಿಯ ತುದಿ ತುಂಬಿತು. ಗೆರೆ ದಾಟಲಿಲ್ಲ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ಈಗ ಟೀವೀಲಿ ಹಾಕ್ಬೋದು" ಅಂದಳು.

ಅದನ್ನು ಬೆನ್ನು ಈಚೆ ಮಾಡಿ ಫ್ರೇಮ್ ಹಾಕಿಸಿದ್ದೇನೆ. ಮನೆಗೆ ಬಂದವರು ತಿರುಗಾಮುರುಗಾ ಆಗಿದೆ ಅನ್ನುತ್ತಾರೆ.