ಮಳವಳ್ಳಿ ಕಾರಿನ ಹೊಟ್ಟೆ ನೋಡಿದ್ದು

ಹಳೆಯ ಎಲೆಕ್ಟ್ರಿಕ್ ಕಾರು ಕೊಳ್ಳುತ್ತೇನೆ ಎಂದು ನಾನು ಬಾಯಿಬಿಟ್ಟ ದಿನ ಮಂಡ್ಯದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರೂ ನೆಟ್ಟಗೆ ಟೀ ಕುಡಿಯಲಿಲ್ಲ. ಬ್ಯಾಟರಿ ಹೋದರೆ ಅದು ಕಾರಲ್ಲ, ಕೋಳಿಗೂಡು ಎಂದರು ಗಣಿತದ ಮೇಷ್ಟರು. ಅವರ ಮಾತಿಗೆ ಹೆದರಿದೆ, ನಿಜ. ಆದರೆ ವಿಜ್ಞಾನದ ಟೀಚರಾಗಿ ಹೆದರಿಕೊಂಡು ಸುಮ್ಮನಿರುವುದು ಚೆಂದವಲ್ಲವೆಂದು ಒಂದಿಷ್ಟು ಓದಿಕೊಂಡೆ. ಎಸಿ ಹಾಕಿ, ಜನ ತುಂಬಿಸಿ ಓಡಿಸಿದರೆ ಚಾರ್ಜು ಎಷ್ಟು ಬೇಗ ಇಳಿಯುತ್ತದೆ ನೋಡಬೇಕು. ಬ್ಯಾಟರಿ ಇರುವುದು ಕಾರಿನ ಹೊಟ್ಟೆಯಡಿ, ಆದ್ದರಿಂದ ಬಗ್ಗಿ ಅಲ್ಲಿ ಪೆಟ್ಟು ಬಿದ್ದಿದೆಯೇ ನೋಡಬೇಕು. ಕೊನೆಗೆ ಸರ್ವೀಸ್ ಸೆಂಟರಿನಲ್ಲಿ ಕಂಪ್ಯೂಟರ್ ಹಾಕಿಸಿ ಬ್ಯಾಟರಿಯ ಆರೋಗ್ಯ ತಿಳಿಯಬೇಕು.

ಇಷ್ಟನ್ನೂ ಕಾರು ನೋಡಲು ಮಳವಳ್ಳಿಗೆ ಹೋಗುವ ಬಸ್ಸಿನಲ್ಲಿ ಅಕ್ಕನಿಗೆ ಹೇಳಿದೆ. ಅಕ್ಕ ಕೆರಗೋಡಿನವಳು. ಸೊಸೆಯರು ಬಂದ ಮೇಲೆ ಮನೆಯಲ್ಲಿ ಕೆಲಸ ಕಮ್ಮಿಯಾಗಿ, ಊರವರ ವ್ಯವಹಾರದಲ್ಲಿ ತಲೆಹಾಕುವುದನ್ನೇ ಕೆಲಸ ಮಾಡಿಕೊಂಡಿದ್ದಳು. ಎಲ್ಲ ಕೇಳಿಸಿಕೊಂಡು, "ನೀ ಸುಮ್ಕೆ ಕೂತ್ಕೊ, ನಾ ನೋಡ್ಕೊತೀನಿ" ಎಂದಳು.

ಕಾರಿನ ಯಜಮಾನರು ರೇಷ್ಮೆಗೂಡಿನ ವ್ಯಾಪಾರಿ. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಬಾಯಿ ತುಂಬ ನಗು. "ಮದ್ದೂರ್ಗಂಟ ಓಗಿ ಬರುಮ ಬನ್ನಿ ಮೇಡಂ, ನಿಮ್ಗೇ ಗೊತ್ತಾಯ್ತದೆ" ಎಂದು ತಾವೇ ಸ್ಟೀರಿಂಗ್ ಹಿಡಿದರು. ಅಕ್ಕ ಅವರ ಪಕ್ಕ ಕೂತಳು, ನಾನು ಹಿಂದೆ.

ಊರು ದಾಟುತ್ತಿದ್ದಂತೆ ಅವರು ಮೆಲ್ಲಗೆ ಎಸಿ ಆರಿಸಿದರು. "ಎಂಥಾ ಗಾಳಿ ಬತ್ತಾ ಐತೆ ನೋಡಿ. ಕಿಟ್ಕಿ ತಗೀರಿ ಅಮ್ಮಾರೆ."

"ನಂಗೆ ಸೆಕೆ ಕಣಪ್ಪ. ಮೈಯೆಲ್ಲ ಉರೀತದೆ" ಎಂದು ಅಕ್ಕ ಗುಂಡಿ ಒತ್ತಿ ಎಸಿ ಹಾಕಿದಳು.

ಕಬ್ಬಿನ ಲಾರಿಯೊಂದನ್ನು ಹಿಂದೆ ಹಾಕಿ ಅವರು ಮತ್ತೆ ಆರಿಸಿದರು. ಅಕ್ಕ ಗದ್ದೆ ನೋಡುತ್ತಲೇ ಮತ್ತೆ ಹಾಕಿದಳು. ಹೀಗೇ ಸಾಗಿತು. ಇಬ್ಬರೂ ಆ ಗುಂಡಿಯ ಬಗ್ಗೆ ಒಂದು ಮಾತೂ ಆಡದೆ, ಮಳೆ ಬೆಳೆ ಮಾತಾಡುತ್ತಾ ಬೆರಳಲ್ಲೇ ಜಗಳವಾಡಿದರು. ಅಕ್ಕನ ತೋಳಿನ ರೋಮವೆಲ್ಲ ಚಳಿಗೆ ನಿಂತಿದ್ದು ನನಗೆ ಹಿಂದಿನಿಂದ ಕಾಣುತ್ತಿತ್ತು. ಸೆರಗು ಹೊದ್ದುಕೊಂಡಳೇ ಹೊರತು ಸೋಲಲಿಲ್ಲ. ಒಮ್ಮೆ ಜೋರಾಗಿ ಸೀನಿ, "ಧೂಳು" ಎಂದಳು. ಕಿಟಕಿಗಳೆಲ್ಲ ಮುಚ್ಚಿದ್ದವು.

ದೊಡ್ಡಿ ಎಂಬ ಊರಿನ ಬಸ್ ಸ್ಟಾಪಿನಲ್ಲಿ ಸೊಪ್ಪಿನ ಮೂಟೆ ಇಟ್ಟುಕೊಂಡು ಇಬ್ಬರು ಹೆಂಗಸರು ಬಸ್ಸು ಕಾಯುತ್ತಿದ್ದರು. ಅಕ್ಕ ಹೇಳಿ ಕಾರು ನಿಲ್ಲಿಸಿಸಿದಳು. "ಮದ್ದೂರ್ಗಾ? ಅತ್ಕಳಿ ಕಣ್ರವ್ವಾ, ನಮ್ದೇ ಗಾಡಿ!"

ಯಜಮಾನರ ನಗು ಅರ್ಧಕ್ಕೆ ಇಳಿಯಿತು. ಸೊಪ್ಪಿನ ಮೂಟೆಗಳು ನನ್ನ ತೊಡೆಯ ಮೇಲೆ ಬಂದವು. ಒದ್ದೆ ಕೊತ್ತಂಬರಿಯ ಸಂದಿಯಿಂದ ಮುಂದಿನ ಪರದೆ ನೋಡುತ್ತಾ ಮದ್ದೂರು ತಲುಪಿದೆ. ಚಾರ್ಜು ಯಜಮಾನರು ಹೇಳಿದ್ದಕ್ಕಿಂತ ಜಾಸ್ತಿ ಇಳಿದಿತ್ತು, ನಾನು ಹೆದರಿದ್ದಕ್ಕಿಂತ ಕಮ್ಮಿ.

ಹೆಂಗಸರನ್ನು ಇಳಿಸಿ ಹೋಟೆಲೊಂದರ ಮುಂದೆ ನಿಂತೆವು. ಯಜಮಾನರು ವಡೆ ಕೊಡಿಸಿದರು. ಕಾರಿನಡಿ ನೋಡಬಹುದೇ ಎಂದು ನಾನು ಕೇಳಿದೆ. "ಅಲ್ಲೇನೈತೆ ಮೇಡಂ, ಬರೀ ಮಣ್ಣು. ಸೀರೆ ಕೊಳೆ ಆಯ್ತದೆ" ಎಂದು ತಳ್ಳಿಹಾಕಿದರು. ಅಕ್ಕ ಕಿವಿ ಮುಟ್ಟಿಕೊಂಡು ಕಾರಿನ ಪಕ್ಕ ಹೋದಳು. ಮರುಕ್ಷಣ ಕೂಗಿಕೊಂಡಳು.

"ಅಯ್ಯಯ್ಯೋ, ನನ್ ವಾಲೆ ತಿರುಪು! ಕಾರಿನಡೀಕೆ ಉಳ್ಳೋಯ್ತು ಕಣೇ!"

ಚಿನ್ನ ಎಂದರೆ ಸುಮ್ಮನೆಯೇ? ಯಜಮಾನರು ವಡೆ ಬಿಟ್ಟು, ಪಂಚೆ ಎತ್ತಿ ಕಟ್ಟಿ ಮಂಡಿಯೂರಿದರು. ನಾನು ಮೊಬೈಲಿನ ಟಾರ್ಚು ಹಾಕಿ ನೆಲಕ್ಕೆ ಕೆನ್ನೆ ತಾಗಿಸಿ ಮಲಗಿದೆ. ತಿರುಪು ಅಕ್ಕನ ಮುಷ್ಟಿಯಲ್ಲಿತ್ತೆಂದು ನನಗೆ ಗೊತ್ತು. ನನಗೆ ಬೇಕಾದದ್ದು ಸಿಕ್ಕಿತು. ಬ್ಯಾಟರಿಗೆ ಹೊದಿಸಿದ ತಗಡು ಉದ್ದಕ್ಕೆ ಗೀರಿ, ಒಂದು ಕಡೆ ಒಳಕ್ಕೆ ತಗ್ಗಾಗಿತ್ತು.

"ಇದೇನ್ರೀ ಇದು?"

ಕಾರಿನಡಿಯಲ್ಲೇ ಅವರ ಮುಖ ನನಗೆ ಎದುರಾಯಿತು. "ಅದಾ... ಕಾಲ್ವೆ ಏರಿ ಮೇಲೆ ಒಂದ್ ಕಲ್ಲು ಅಡ್ಡ ಸಿಕ್ತು ಮೇಡಂ. ಏನೂ ಆಗಿಲ್ಲ, ನಮ್ಮಪ್ಪನಾಣೆ."

"ನಿಮ್ಮಪ್ಪನ್ನ ಯಾಕಪ್ಪ ಇದ್ರಾಗೆ ಎಳೀತೀಯೆ?" ಮೇಲಿನಿಂದ ಅಕ್ಕನ ದನಿ. "ಸರ್ವೀಸ್ನೋರು ಯೋಳ್ಲಿ ಬುಡು."

ನಾನು ಎದ್ದು ಸೀರೆ ಕೊಡವಿಕೊಂಡೆ. ಅವರು ಏಳಲಿಲ್ಲ. ತಗಡಿನ ಮಾತು ಮರೆತು ತಿರುಪು ಹುಡುಕುತ್ತಲೇ ಇದ್ದರು. ಪಕ್ಕದ ಬೈಕುಗಳನ್ನು ಸರಿಸಿದರು, ಹೋಟೆಲಿನಿಂದ ಪೊರಕೆ ತರಿಸಿದರು. "ಎಣ್ಮಕ್ಳ ಕಿವೀದು ಕಳೀಬಾರ್ದು" ಎಂದು ಬೆವರೊರೆಸಿಕೊಂಡರು. ಅಕ್ಕ ನನ್ನ ಮುಖ ನೋಡಿದಳು, ನಾನು ಅವಳದು. ಕೊನೆಗೆ ಅವಳು ಸೆರಗು ಕೊಡವಿ, "ಇಲ್ಲೇ ಸಿಕ್ಕಾಕೊಂಡಿತ್ತು" ಎಂದು ಸಣ್ಣ ದನಿಯಲ್ಲಿ ಹೇಳಿದಳು. ಅವಳಿಗೆ ಅಷ್ಟು ಸಣ್ಣ ದನಿ ಇದೆಯೆಂದೇ ನನಗೆ ತಿಳಿದಿರಲಿಲ್ಲ. ಯಜಮಾನರು ನಿಜವಾಗಿ ಸಂತೋಷಪಟ್ಟು ಇನ್ನೊಂದು ಪ್ಲೇಟು ವಡೆ ಹೇಳಿದರು. ಅಕ್ಕ ತನ್ನ ಪಾಲಿನ ವಡೆಯನ್ನು ಮೆಲ್ಲಗೆ ಅವರ ಪ್ಲೇಟಿಗೇ ದಾಟಿಸಿದಳು.

ಅಲ್ಲಿಂದ ನೇರ ಮಂಡ್ಯದ ಸರ್ವೀಸ್ ಸೆಂಟರಿಗೆ ಹೋದೆವು. ಕಾರನ್ನು ಮೇಲೆತ್ತಿ ನೋಡಿದರು, ಕಂಪ್ಯೂಟರಿಗೆ ಜೋಡಿಸಿದರು. ಅಷ್ಟು ಹೊತ್ತೂ ಯಜಮಾನರು ಆಪರೇಷನ್ ಥಿಯೇಟರಿನ ಹೊರಗೆ ನಿಂತವರಂತೆ ಟವೆಲು ಹಿಂಡುತ್ತಿದ್ದರು. ಪೆಟ್ಟು ತಗಡಿಗಷ್ಟೇ ಬಿದ್ದಿದೆ, ಬ್ಯಾಟರಿ ಅದರ ವಯಸ್ಸಿಗೆ ಗಟ್ಟಿಯಾಗಿದೆ, ತಗಡು ಮಾತ್ರ ಬದಲಿಸಬೇಕು ಎಂದರು ಸರ್ವೀಸಿನವರು.

"ನಾ ಯೋಳ್ನಿಲ್ವಾ!" ಎಂದು ಯಜಮಾನರು ಕೂಗಿದ ಕೂಗಿಗೆ ಅಲ್ಲಿದ್ದವರೆಲ್ಲ ತಿರುಗಿದರು. ಅವರಿಗೂ ಆ ತಗ್ಗಿನ ವಿಷಯದಲ್ಲಿ ಧೈರ್ಯವಿರಲಿಲ್ಲವೆಂದು ಆಗ ತಿಳಿಯಿತು. ಹೊಸ ತಗಡು ತಾವೇ ಹಾಕಿಸಿಕೊಟ್ಟರು. ನಾನು ಕಾರು ಕೊಂಡೆ. ಗಣಿತದ ಮೇಷ್ಟರು ಈಗ ದಿನಾ ಸಂಜೆ ಅದರಲ್ಲೇ ಮನೆಗೆ ಹೋಗುತ್ತಾರೆ.

ಕೆಲವು ತಿಂಗಳ ಮೇಲೆ ಯಜಮಾನರ ಫೋನು ಬಂತು. ಗೂಡು ಸಾಗಿಸಲು ಹಳೆಯ ಟೆಂಪೋ ಒಂದನ್ನು ನೋಡುತ್ತಿದ್ದರಂತೆ, ಯಲಿಯೂರಿನಲ್ಲಿ. ಮಾರುವವನು ಭಲೇ ಮಾತುಗಾರನಂತೆ. "ನಿಮ್ಮಕ್ಕಾರ್ನ ಒಂದ್ ದಪ ಕಳಿಸ್ಕೊಡಿ ಮೇಡಂ. ಅವ್ರೇನೂ ಮಾತಾಡೋದು ಬ್ಯಾಡ, ಪಕ್ಕದಾಗೆ ಕೂತ್ರೆ ಸಾಕು."

ಅಕ್ಕನಿಗೆ ಹೇಳಿದೆ. ಅವಳು ಸುಲಿಯುತ್ತಿದ್ದ ಅವರೆಕಾಯಿಯ ಮೊರವನ್ನು ಪಕ್ಕಕ್ಕಿಟ್ಟಳು.

"ಬತ್ತೀನಿ ಅಂತ ಯೋಳು. ಸ್ವೆಟ್ರು ಹಾಕೊಂಡು ಬತ್ತೀನಿ."